ಮಾವನ ಹೆಸರಿನ ಸರ್ವರ್ ಮತ್ತು ಮಾಯವಾದ ಕುರಿಗಳ ಬಗ್ಗೆ

ಕುರಿ ದಾಖಲೆ ಇಲಾಖೆ, ನರಿನ್ ಕಣಿವೆ
ಸಂಖ್ಯೆ: ಕುದಾಇ/ನಕಲು/ಸೊಸೆ/7

ವಿಷಯ: ಮುಖ್ಯ ಸರ್ವರ್‌ನಿಂದ ಎರಡನೆಯ ಸರ್ವರ್‌ಗೆ ಮಾಹಿತಿ ನಕಲಾಗುವ ವ್ಯವಸ್ಥೆ ಮಾಡಲು ಹೋಗಿ ಆದ ಅನಾಹುತ.
ಉಲ್ಲೇಖ: ಮಾನ್ಯ ನಿರ್ದೇಶಕರು ಮೇಜು ಗುದ್ದಿದ್ದು.

ಮುಖ್ಯ ಸರ್ವರ್‌ಗೆ ಮಾನ್ಯ ನಿರ್ದೇಶಕರ ಅಜ್ಜನ ನೆನಪಿಗಾಗಿ 'ಶಾರ್ಶೆನ್' ಎಂದು ನಾಮಕರಣ ಮಾಡಲಾಗಿತ್ತು. ಅದನ್ನು ನೋಡಿಕೊಳ್ಳುವ ಶ್ರೀಮತಿ ಗುಲ್‌ಬುರಾ ಅವರ ಮಾವನ ಹೆಸರೂ ಅದೇ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದಾದ ಕಾರಣ, ಸದರಿಯವರು ಕೊಚ್ಕೊರ್‌ನಲ್ಲಿದ್ದ ತಂತ್ರಜ್ಞ ಎರ್ಮೆಕ್‌ಗೆ ಫೋನಿನಲ್ಲಿ, “ಹಿರೀಕರ ಹತ್ರ ಇರೋದೆಲ್ಲ ಇನ್ನೊಂದಕ್ಕೆ ನಕಲಾಗ್ಲಿ” ಎಂದರು. ಎರ್ಮೆಕ್ ಹಿರಿಯ ಯಂತ್ರವನ್ನು ಹುಡುಕಿದ. ಎರಡರಲ್ಲಿ ಹಳೆಯದು, ಖಾಲಿ ಬಿದ್ದಿದ್ದ ಎರಡನೆಯ ಸರ್ವರ್. ಅದು ತನ್ನ ಖಾಲಿತನವನ್ನು ಒಂದಿಷ್ಟೂ ಚೆಲ್ಲದೆ ಮುಖ್ಯ ಸರ್ವರ್‌ಗೆ ದಾಟಿಸಿತು. ದಾಖಲೆ ಪ್ರಕಾರ ಕಣಿವೆಯಲ್ಲಿ ಈಗ ಒಂದು ಕುರಿಯೂ ಇಲ್ಲ.

ಈ ಹಿನ್ನೆಲೆಯಲ್ಲಿ ಸರ್ವರಿಗೂ ಸೂಚಿಸಲಾಗಿರುವುದೇನೆಂದರೆ:

1. ತಪ್ಪು ಇಲಾಖೆಯದ್ದಲ್ಲ. ತಪ್ಪು ಮಾಡುವ ಹುದ್ದೆ ಇಲಾಖೆಗೆ ಇನ್ನೂ ಮಂಜೂರಾಗಿಲ್ಲ.

2. ಬೇಸಿಗೆ ಹುಲ್ಲುಗಾವಲಿನ ಪರವಾನಗಿ ಸಿಗದ ಕುರಿಗಾಹಿಗಳು ಮಂದೆಯನ್ನು ಕಚೇರಿ ಅಂಗಳಕ್ಕೆ ನುಗ್ಗಿಸಿ, “ಇವೇನು ಹಾಗಾದ್ರೆ, ಮೋಡಾನಾ?” ಎಂದು ಕೇಳಿರುವುದು ಗಮನಕ್ಕೆ ಬಂದಿದೆ. ದಾಖಲೆಯಲ್ಲಿಲ್ಲದ ಕುರಿ ಕಚೇರಿ ವೇಳೆಯಲ್ಲಿ ಅರಚತಕ್ಕದ್ದಲ್ಲ. ಅದರ ಹಿಕ್ಕೆಗೂ ಮಾನ್ಯತೆ ಇರುವುದಿಲ್ಲ. ತುಳಿದವರು ತುಳಿದಿಲ್ಲವೆಂದೇ ಭಾವಿಸತಕ್ಕದ್ದು.

3. ಸರ್ವರ್ ಹೆಸರನ್ನು ಗಟ್ಟಿಯಾಗಿ ಹೇಳಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದು ಶ್ರೀಮತಿ ಗುಲ್‌ಬುರಾ ಅವರಿಗೆ ನಿರ್ದೇಶಿಸಲಾಗಿತ್ತು. ವಿಚಾರಣೆಗೆ ಸದರಿಯವರು ಹಾಜರಾದರು. ಜೊತೆಗೆ ಬಂದಿದ್ದ ಮಾವ, “ಹೇಳ್ಬಿಡು ಮಗಳೇ, ನಾನು ಕಿವಿ ಮುಚ್ಕೋತೀನಿ. ನೀನು ಹೋದ್ರೆ ಈ ಮೇಜು ಗುದ್ದೋರು ಕುರಿ ಎಣಿಸ್ತಾರಾ?” ಎಂದು ಟೋಪಿಯನ್ನು ಕಿವಿ ಮೇಲೆ ಎಳೆದುಕೊಂಡರು. ಸೊಸೆ ಮಾವನನ್ನು ಅಪ್ಪನೆಂದೇ ಕರೆದು, “ಆಗಲ್ಲ ಅತಾ” ಎಂದರು. ಟೋಪಿಯು ಅಧಿಕೃತ ಕಿವಿಮುಚ್ಚಳವಲ್ಲವಾದ್ದರಿಂದ ಅದನ್ನು ಹೇಗೂ ತಿರಸ್ಕರಿಸಲಾಗುತ್ತಿತ್ತು.

4. ಸರ್ವರ್‌ಗೇ ಬೇರೆ ಹೆಸರಿಟ್ಟರೆ ಮುಗಿಯಿತಲ್ಲ ಎಂಬ ಎರ್ಮೆಕ್‌ನ ಸಲಹೆಯಲ್ಲಿ ಬುದ್ಧಿ ಕಂಡುಬಂದಿರುವುದರಿಂದ ಅವನಿಗೆ ನೋಟಿಸ್ ನೀಡಲಾಗಿದೆ.

5. ಯಂತ್ರದ ಹೆಸರಿಗಿಂತ ಮನುಷ್ಯನ ಹೆಸರು ಬದಲಿಸುವುದು ಸುಲಭ. ಆದ ಪ್ರಯುಕ್ತ ಮಾನ್ಯ ನಿರ್ದೇಶಕರು ದೊಡ್ಡ ಮನಸ್ಸು ಮಾಡಿ ಸದರಿ ಮಾವನಿಗೆ ತಮ್ಮ ಸ್ವಂತ ಹೆಸರನ್ನೇ ದಯಪಾಲಿಸಿದ್ದಾರೆ. ಮುದುಕ ನಗುತ್ತಲೇ ಒಪ್ಪಿ ಸಹಿ ಹಾಕಿದ್ದಾನೆ. ಹೆಸರು ಹೇಳದ್ದಕ್ಕೆ ಸೊಸೆಯ ಮೇಲೆ ಹೊರಡಿಸಿದ್ದ ವಜಾ ಆದೇಶ ರದ್ದಾಗಿದೆ. ಸೊಸೆ ಕುರಿಗಳನ್ನು ಮೊದಲಿನಿಂದ ದಾಖಲಿಸತಕ್ಕದ್ದು.

6. ಇನ್ನು ಮುಂದೆ ನಿರ್ದೇಶಕರ ಹೆಸರೆತ್ತಿ ದೂರು ಹೇಳಲು ಸದರಿ ಸೊಸೆಗೆ ಬಾಯಿ ಬರುವುದಿಲ್ಲ. ಇದು ಕೇವಲ ಕಾಕತಾಳೀಯ.

ಸಹಿ/-
ಬೆಕ್ತುರ್
ನಿರ್ದೇಶಕರು

ಪ್ರತಿಗಳು:
ಎರಡನೆಯ ಸರ್ವರ್‌ಗೆ: ತಾನಾಗಿಯೇ ತಲುಪತಕ್ಕದ್ದು.
ಕುರಿಗಳಿಗೆ: ಅಸ್ತಿತ್ವ ಸಾಬೀತಾದ ನಂತರ.
ಶ್ರೀಮತಿ ಗುಲ್‌ಬುರಾ ಅವರಿಗೆ: ಗಟ್ಟಿಯಾಗಿ ಓದುವುದಾದರೆ ಸಹಿಯವರೆಗೆ ಮಾತ್ರ.