ಮೋರ್ ಬೆಟರ್ ಅಂದರೆ ಅತ್ತೆಗೆ ಬಿ.ಪಿ.!

ನಮ್ಮ ಸೋದರತ್ತೆಗೆ ಬಿ.ಪಿ. ಏರುವುದು ಉಪ್ಪಿನಿಂದಲ್ಲ, 'ಮೋರ್ ಬೆಟರ್' ಎಂಬ ಎರಡು ಪದಗಳಿಂದ! ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ಈಗ ವಿಜಯನಗರದಲ್ಲಿ ಮಗ-ಸೊಸೆಯ ಜೊತೆ ಇದ್ದಾರೆ. ನಿವೃತ್ತಿ ಅಂದೆನೇ? ನಿಂತದ್ದು ಸಂಬಳ ಮಾತ್ರ, ಪಾಠ ಅಲ್ಲ.

ಒಮ್ಮೆ ತಳ್ಳುಗಾಡಿಯವನು, "ಮೇಡಂ, ಈ ಸೊಪ್ಪು ಮೋರ್ ಫ್ರೆಶ್ಶರ್!" ಅಂದುಬಿಟ್ಟ.

"ಒಂದು ತಲೆಗೆ ಎರಡು ಟೋಪಿ ಹಾಕ್ತಾರೇನಪ್ಪ? ಫ್ರೆಶ್ಶರ್ ಅಂದ್ಮೇಲೆ ಮೋರ್ ಯಾಕೆ?"

ಅವನೇನು ದಡ್ಡನೇ? ಮರುದಿನ ಗೇಟಿನ ಮುಂದೆ ನಿಂತು, "ಮೇಡಂ, ಇವತ್ತು ಫ್ರೆಶ್ಶೆಸ್ಟ್!" ಎಂದು ಕೂಗಿದ. ಅತ್ತೆ ಹಿಗ್ಗಿ ಎಂಟು ಕಟ್ಟು ಕೊಂಡರು. ವಾರವಿಡೀ ಮನೆಮಂದಿಗೆಲ್ಲ ಸೊಪ್ಪಿನ ಸಾರು!

ನಾನೂ ತಪ್ಪಿಸಿಕೊಳ್ಳಲಿಲ್ಲ. ಕೆಂಗೇರಿಯ ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದು ಅತ್ತೆ ಹೊರಟಾಗ, ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ: 'ಥ್ಯಾಂಕ್‌ಫುಲಿ, ಅತ್ತೆ ಲೆಫ್ಟ್.' ಫೋನ್ ಬಂತು.

"ನಾನು ತೊಲಗಿದ್ದು ನಿನಗೆ ಅಷ್ಟು ಸಂತೋಷವೇನೋ?"

"ಅಯ್ಯೋ, ನೀವೇ ಥ್ಯಾಂಕ್ಸ್ ಹೇಳಿ ಹೋದ್ರಿ ಅಂತ ಬರೆದೆ ಅತ್ತೆ!"

"ಹಾಗಾದ್ರೆ ಆ ಪದ ಕೊನೇಲಿರಬೇಕು ಕಣೋ. ಮುಂದೆ ನಿಲ್ಲಿಸಿ ಕಾಮಾ ಹಾಕಿದ್ರೆ ಅದು ನಿನ್ನ ಮನಸ್ಸಿನ ಮಾತು!"

ಅವರ ಸೊಸೆ ಹಾವೇರಿ ಕಡೆಯವಳು, ಕನ್ನಡ ಮಾಧ್ಯಮದಲ್ಲಿ ಓದಿದವಳು. ರಾಜಾಜಿನಗರದ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಕೆಲಸಕ್ಕೆ ಅರ್ಜಿ ಹಾಕಿದಳು. ಅತ್ತೆಗೆ ಹಬ್ಬ! ಒಲೆ ಮುಂದೆಯೇ ಪಾಠ.

"ಗುಡ್ ಆದ್ಮೇಲೆ?"

"ಬೆಟರ್ ರೀ."

"ಬ್ಯಾಡ್ ಆದ್ಮೇಲೆ?"

"ಸಾರು ಉಕ್ಕಾಕತ್ತೈತ್ರೀ!"

ಸಂದರ್ಶನದ ದಿನ ಅವರಿಬ್ಬರನ್ನೂ ಕರೆದೊಯ್ದವನು ನಾನೇ. ಅತ್ತೆ ಹೊರಗಿನ ಬೆಂಚಿನಲ್ಲಿ ಕೂತರು, ಎದ್ದರು, ಮತ್ತೆ ಕೂತರು. ಅರ್ಧ ಗಂಟೆಗೆ ಸೊಸೆ ಬೆವತುಕೊಂಡು ಬಂದಳು.

"ಅತ್ತಿ, ಇಂಗ್ಲಿಷ್ ಎಲ್ಲಾ ಮರತೇ ಹೋತ್ರಿ. ಕನ್ನಡದಾಗ ಮಾತಾಡಿದೆ. ಇಲ್ಲಿ ಬರೋ ಪೇಷಂಟುಗಳಿಗೆ ನಿನ್ನಂಗ ಮಾತಾಡೋರೇ ಬೇಕು ಅಂದ್ರು. ಕೆಲಸ ಸಿಕ್ಕತ್ರೀ!"

ಆರು ವಾರದ ಪಾಠ ನೀರುಪಾಲು! ಈಗ ಬಂತು ಬೈಗುಳ ಎಂದು ನಾನು ಕಾದೆ. ಅತ್ತೆ ಸೆರಗಿನಿಂದ ಅವಳ ಹಣೆ ಒರೆಸಿ, "ಬೆಳಗ್ಗಿಂದ ಏನೂ ತಿಂದಿಲ್ಲ ನೀನು, ನಡಿ" ಅಂದರು.

ಪಕ್ಕದ ಹೋಟೆಲಿನಲ್ಲಿ ದೋಸೆ ಬಂತು. ಮೊದಲ ತುತ್ತು ಮುರಿದು ಸೊಸೆಯ ಬಾಯಿಗಿಟ್ಟರು.

"ನೀವೂ ತಿನ್ರಿ, ಅವ್ವ" ಎಂದಳು ಅವಳು. ಮದುವೆಯಾಗಿ ಬಂದ ಮೇಲೆ ಹಾಗೆ ಕರೆದದ್ದು ಅದೇ ಮೊದಲ ಸಲ.

ಅತ್ತೆಯ ಕೈ ತಟ್ಟೆಯ ಮೇಲೇ ನಿಂತಿತು. "ಚಟ್ನಿ ಬಲೇ ಖಾರ" ಎಂದು ಕಣ್ಣೊರೆಸಿಕೊಂಡರು.

ಚಟ್ನಿ ಇನ್ನೂ ಬಂದಿರಲೇ ಇಲ್ಲ.