ನಾಲಿಗೆಗೆ ತಿಳಿಸದೆ ಊಟ ಬಡಿಸಿದ ಬಿಳಿ ಚೀಲದವರಿಗೆ

ಮಾನ್ಯರೇ,

ರೋಗಿಯ ತಲೆಯ ಬಳಿ ಉಕ್ಕಿನ ಕಂಬಕ್ಕೆ ಜೋತುಬಿದ್ದು, ಯಾರ ಮುಖವನ್ನೂ ನೋಡದೆ, ಹಗಲಿರುಳೂ ಅನ್ನದಾನ ಮಾಡುವ ತಮ್ಮ ತುಂಬಿದ ಹೊಟ್ಟೆಗೆ ಖಾಲಿ ಹೊಟ್ಟೆಯವನೊಬ್ಬನ ಅನಂತ ನಮಸ್ಕಾರಗಳು.

ನಾನು ಕಾರ್ಖಾನೆಯೊಂದರ ಕ್ಯಾಂಟೀನಿನ ಅಡುಗೆಯವನು. ಗಡ್ಡೆ ಬೆಳೆದಿದ್ದ ಕರುಳಿನ ತುಂಡನ್ನು ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಸೇರಿಸಿ ಹೊಲಿದ ಮೇಲೆ, ಆ ಹೊಲಿಗೆ ಎಲ್ಲೋ ಸೋರುತ್ತಿದೆಯೆಂದು ತಿಳಿದು ವೈದ್ಯರು, "ಕರುಳಿಗೆ ಸ್ವಲ್ಪ ರಜೆ ಕೊಡೋಣ, ಬಾಯಿಗೆ ಏನೂ ಹಾಕ್ಬೇಡಿ" ಎಂದರು. ಜನ್ಮದಲ್ಲಿ ನನಗೆ ಸಿಗದ ರಜೆ ನನ್ನ ಕರುಳಿಗೆ ಸಿಕ್ಕಿತು. ಬದಲಿ ಕೆಲಸಕ್ಕೆ ತಾವು ಬಂದಿರಿ. ಸಕ್ಕರೆ, ಕೊಬ್ಬು, ಪ್ರೋಟೀನು, ಲವಣಗಳನ್ನೆಲ್ಲ ಹಾಲಿನ ಬಣ್ಣದಲ್ಲಿ ಕಲಸಿಕೊಂಡು, ಹಲ್ಲು, ನಾಲಿಗೆ, ಗಂಟಲು ಎಂಬ ಹಿರಿಯರಿಗೆ ಒಂದು ಮಾತೂ ಹೇಳದೆ, ತೋಳಿನ ರಕ್ತನಾಳದ ಹಿತ್ತಲ ಬಾಗಿಲಿನಿಂದ ನೇರವಾಗಿ ಒಳಗೆ ನಡೆದಿರಿ.

ತಮ್ಮ ಕೈಗುಣವನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ಉಪ್ಪು ಹೆಚ್ಚಾಯಿತು, ಸಪ್ಪೆಯಾಯಿತು ಎಂದು ತಮ್ಮನ್ನು ಇದುವರೆಗೆ ಒಬ್ಬರೂ ದೂರಿಲ್ಲ. ನನಗೆ ಇಂಥ ಒಂದೇ ಒಂದು ಮಧ್ಯಾಹ್ನವೂ ಲಭಿಸಿಲ್ಲ. ಆದರೆ ನೋಡಲು ಬಂದ ಭಾವ ಅಭ್ಯಾಸಬಲದಿಂದ "ಊಟ ಆಯ್ತಾ?" ಎಂದು ಕೇಳಿದಾಗ, ಹನಿಹನಿಯಾಗಿ ಬೀಳುತ್ತಿದ್ದ ತಮ್ಮನ್ನು ತೋರಿಸಿ "ಆಗ್ತಾನೇ ಇದೆ, ಮುಗೀತಿಲ್ಲ" ಎನ್ನಬೇಕಾಯಿತಲ್ಲ, ಆ ಅವಮಾನಕ್ಕೆ ಯಾರು ಹೊಣೆ?

ತಮ್ಮ ಹನಿಗಳನ್ನು ಅಳೆದಳೆದು ಕೊಳವೆಗೆ ಬಿಡುವ ಸಹೋದ್ಯೋಗಿಯಾದ ಪಂಪಿನ ನಿಷ್ಠೆಯಂತೂ ಅಸಾಧಾರಣ. ಪಕ್ಕದ ಹಾಸಿಗೆಯವರು ಬಿಟ್ಟುಹೋಗಿದ್ದ ಅರ್ಧ ಬನ್ನಿನ ಕಡೆಗೆ ನಾನು ಕೇವಲ ಕುತೂಹಲದಿಂದ ಕೈಚಾಚಿದ್ದೇ ತಡ, ಕೊಳವೆ ಮಡಚಿಕೊಂಡು ಅದು ಊರಿಗೆಲ್ಲ ಕೇಳುವಂತೆ ಕೂಗಿಕೊಂಡಿತು. ಓಡಿಬಂದ ದಾದಿ ಬನ್ನನ್ನು ಕಿತ್ತುಕೊಂಡು, "ಹೊಲಿಗೆ ಬಿಟ್ಕೊಂಡ್ರೆ ಜೀವಕ್ಕೇ ಕುತ್ತು, ಗೊತ್ತಾ? ಮಗು ಥರ ಆಡ್ಬೇಡಿ" ಎಂದು ಗದರಿದರು. ಕೂಗಲೇಬೇಕೆಂದಿದ್ದರೆ ಒಗ್ಗರಣೆ ಸಿಡಿದಂತೆ ಚಟಪಟ ಎನ್ನಲಿ ಎಂಬುದು ನನ್ನ ವಿನಮ್ರ ಕೋರಿಕೆ.

ನನ್ನ ನಿಜವಾದ ದೂರು ಬೇರೆಯೇ ಇದೆ. ನನ್ನ ಹೆಂಡತಿ ದಿನವೂ "ಹೊರಗೆ ತಿಂದು ಬಂದೆ" ಎನ್ನುತ್ತಿದ್ದಳು, ನಾನು ನಂಬುತ್ತಿದ್ದೆ. ಒಂದು ಬೆಳಿಗ್ಗೆ ನನ್ನ ಹೊದಿಕೆ ಸರಿಮಾಡುತ್ತಿದ್ದವಳು ಹಾಗೆಯೇ ಕುಸಿದಳು. ಅವಳನ್ನು ಹಿಡಿದು ಕೂರಿಸಿದ ದಾದಿ, "ಯಜಮಾನ್ರಿಗೆ ಚೀಲ ಇದೆ, ನಿಮಗೇನಿದೆ ಅಮ್ಮಾ?" ಎಂದು ಕೇಳಿದರು. ಗಂಡ ಉಪವಾಸವಿರುವಾಗ ತನ್ನ ಗಂಟಲಲ್ಲಿ ತುತ್ತು ಇಳಿಯುವುದಿಲ್ಲವೆಂದು ಅವಳು ಒಪ್ಪಿಕೊಂಡಳು. ಎಲ್ಲವನ್ನೂ ಮೇಲಿನಿಂದಲೇ ನೋಡುತ್ತಿದ್ದ ತಾವು ತುಟಿಪಿಟಕ್ಕೆನ್ನಲಿಲ್ಲ. ಆದ್ದರಿಂದ ಮುಂದಿನ ಚೀಲಗಳಿಗೆ ರೋಗಿಯ ಹೆಂಡತಿಗೆಂದು ಇನ್ನೊಂದು ಕೊಳವೆಯನ್ನೂ ಕಡ್ಡಾಯವಾಗಿ ಜೋಡಿಸತಕ್ಕದ್ದು.

ಆ ಕೊಳವೆ ಇಲ್ಲದ ಕಾರಣ ನಾನೇ ಅವಳಿಗೆ, "ಡಬ್ಬಿ ತಂದು ನನ್ನೆದುರಿಗೇ ಕೂತು ತಿನ್ನು. ತಿನ್ನೋರನ್ನ ನೋಡಿಯೇ ಅಲ್ವೇನೇ ನನ್ನ ಹೊಟ್ಟೆ ಇಷ್ಟು ವರ್ಷ ತುಂಬಿದ್ದು?" ಎಂದೆ. ಅವಳು ಅಳುತ್ತ ತಿಂದಳು. ನಾನು ಬೆಂಡೆಕಾಯಿ ಪಲ್ಯದ ಬಣ್ಣ ನೋಡಿ, ಇನ್ನೂ ಸ್ವಲ್ಪ ಹುರಿಯಬೇಕಿತ್ತು ಎಂದೆ. ಅವಳು ಅಳು ನಿಲ್ಲಿಸಿ, "ಎದ್ದು ಬಂದು ನೀವೇ ಹುರೀರಿ" ಎಂದು ರೇಗಿದಳು. ಆಸ್ಪತ್ರೆಗೆ ಸೇರಿದ ಮೇಲೆ ನನ್ನ ಹಸಿವು ಇಂಗಿದ್ದು ಅಂದೇ. ಇದರಲ್ಲಿ ತಮ್ಮ ಪಾಲೇನೂ ಇಲ್ಲವೆಂದು ದಯವಿಟ್ಟು ಗಮನಿಸಬೇಕು.

ಕೊನೆಗೆ ಸೋರಿಕೆ ನಿಂತಿತು. ಮೊದಲ ಚಮಚ ತಿಳಿಗಂಜಿ ಗಂಟಲಲ್ಲಿ ಇಳಿಯುವಾಗ ಹೆಂಡತಿ ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ತಮ್ಮನ್ನು ದಿನದಿನಕ್ಕೆ ಕಡಿಮೆ ಮಾಡಿ, ಕಡೆಗೊಂದು ದಿನ ಕಂಬದಿಂದ ಇಳಿಸಿದರು. ಹೋಗುವಾಗ ತಾವು ಹೇಳದೆ ಹೋದಿರಿ. ನನ್ನ ಜೀವ ಉಳಿಸಿದ್ದನ್ನೂ ಹೇಳಿಕೊಳ್ಳಲಿಲ್ಲ. ಇಷ್ಟೊಂದು ವಿನಯ ಒಳ್ಳೆಯದಲ್ಲ.

ತಮ್ಮ ಉಪ್ಪನ್ನು ರುಚಿ ನೋಡದೆಯೇ ಉಂಡ,
ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಹಾಸಿಗೆಯವನು

ತಾ.ಕ.: ನಾನಿಲ್ಲದಾಗ ಕ್ಯಾಂಟೀನಿಗೆ ಬಂದಿರುವ ಹೊಸ ಅಡುಗೆಯವರ ಸಾರನ್ನು ಉಂಡ ಕಾರ್ಮಿಕರು, ತಮ್ಮಂಥ ಚೀಲಗಳು ಇನ್ನೂ ಉಳಿದಿವೆಯೇ ಎಂದು ಆತುರದಿಂದ ವಿಚಾರಿಸುತ್ತಿದ್ದಾರೆ.