ಬಿಳಿ ದಾರ ಕಟ್ಟಿಕೊಂಡ ಕಡಜ

"ಈ ಭಾನುವಾರ ನಮ್ಮನೆ ಅನ್ನಕ್ಕೆ ನಾನೇ ಹುಡುಕಿ ತಂದ ಹೆಬೊ ಬೀಳುತ್ತೆ! ನಿನ್ನ ತಮ್ಮ ಬಾಯಿ ಮುಚ್ಕೊಂಡು ಎರಡು ಬಟ್ಟಲು ತಿಂತಾನೆ!" ಎಂದು ತೊಕಿನೊರಿ ಬೆಳಗಿನ ಚಹಾ ಮುಗಿಯುವ ಮೊದಲೇ ಘೋಷಿಸಿದ.

"ಬಾಯಿ ಮುಚ್ಕೊಂಡು ಹೇಗ್ರೀ ತಿಂತಾನೆ?" ಎಂದಳು ಹೆಂಡತಿ ಫುಸಾಯೆ.

ಹೆಬೊ ಎಂದರೆ ನೆಲದೊಳಗೆ ಗೂಡು ಕಟ್ಟುವ ಪುಟ್ಟ ಕಪ್ಪು ಕಣಜ. ಗಿಫು ಬೆಟ್ಟಗಳ ಆ ಊರಿನಲ್ಲಿ ಅದರ ಮರಿಹುಳುಗಳನ್ನು ಹಾಕಿ ಅನ್ನ ಬೇಯಿಸದ ಹೊರತು ಶರತ್ಕಾಲ ಬಂತೆಂದು ಯಾರೂ ಒಪ್ಪುವುದಿಲ್ಲ. ಗೂಡು ಹುಡುಕುವುದು ಗಂಡಸಿನ ಮರ್ಯಾದೆಯ ಪ್ರಶ್ನೆ. ಮೂರು ವರ್ಷಗಳಿಂದ ತೊಕಿನೊರಿ ತಿಂದದ್ದು ಭಾವಮೈದುನ ಕೀಚಿ ತಂದುಕೊಟ್ಟ ಹೆಬೊ. ಅದರ ಜೊತೆಗೆ ನಂಜಿಕೊಳ್ಳಲು ಅವನ ಮಾತು: "ತಿನ್ನಿ ಭಾವ, ಸಂಕೋಚ ಬೇಡ!"

ತೊಕಿನೊರಿ ಗುಡ್ಡದ ಮೇಲೆ ಕೋಲು ನೆಟ್ಟು, ತುದಿಗೆ ಹಸಿ ಮೀನಿನ ಚೂರು ಸಿಕ್ಕಿಸಿ, ಚೂರಿಗೆ ಬಿಳಿ ರೇಷ್ಮೆಯ ಎಳೆ ಕಟ್ಟಿ ಕುಳಿತ. ಕಣಜ ಚೂರನ್ನು ಕಚ್ಚಿಕೊಂಡು ಗೂಡಿಗೆ ಹಾರುತ್ತದೆ, ಬೇಟೆಗಾರ ಎಳೆಯ ಹಿಂದೆ ಓಡುತ್ತಾನೆ. ನಿಯಮ ಒಂದೇ: ಕಣ್ಣು ದಾರದ ಮೇಲೆ, ಕಾಲಿನ ಭಾರ ದೇವರ ಮೇಲೆ.

ಹತ್ತು ಗಂಟೆಗೆ ಒಂದು ಬಂತು. ಅರವತ್ತೆರಡರ ತೊಕಿನೊರಿಗೆ ದೂರದ್ದು ಹದ್ದಿನ ಕಣ್ಣಿಗೆ ಕಂಡಂತೆ ಕಾಣುತ್ತದೆ. ಹತ್ತಿರದ್ದಕ್ಕೆ ಕನ್ನಡಕ ಬೇಕು, ಅದು ಜೇಬಿನಲ್ಲಿತ್ತು. "ಈ ವರ್ಷ ಏನು ಮೈ ಬಂದಿದೆಯಪ್ಪಾ!" ಎಂದು ಅವನು ಮೆಚ್ಚಿಕೊಳ್ಳುವಷ್ಟರಲ್ಲಿ ಅದು ಹಾರಿತು.

ಅವನೂ ಹಾರಿದ! ಚಹಾ ಗಿಡಗಳ ಮೂರು ಸಾಲು ದಾಟಿದ. ಎಡಗಾಲಿನ ಬೂಟನ್ನು ಕಾಲುವೆಗೆ ಅರ್ಪಿಸಿದ. ಯಾರದೋ ಮೂಲಂಗಿ ಮಡಿಯಲ್ಲಿ ಉದ್ದಕ್ಕೂ ಬಿದ್ದು, ಎದ್ದ. ಹತ್ತಿರದಲ್ಲೇ ಹೆಂಗಸೊಬ್ಬಳು "ಅಯ್ಯೋ, ಮೂಲಂಗಿ!" ಎಂದು ಕೂಗಿದಳು.

"ಕ್ಷಮಿಸಿ ತಾಯಿ, ಹೆಬೊ!" ಎಂದು ಆಕಾಶಕ್ಕೇ ಹೇಳಿ ಮುಂದೆ ಓಡಿದ. ಆ ಊರಿನಲ್ಲಿ ಆ ಒಂದು ಪದಕ್ಕೆ ಸಕಲ ಅಪರಾಧಗಳೂ ಮಾಫಿ.

ಬಿಳಿ ಎಳೆ ಒಂದು ಮನೆಯ ಹಿಂಬದಿಯ ಸೂರಿನ ಕೆಳಗೆ ಹೊಕ್ಕು ಮಾಯವಾಯಿತು. ತೊಕಿನೊರಿ ಹತ್ತು ಹೆಜ್ಜೆ ದೂರದಲ್ಲಿ ಗಕ್ಕನೆ ನಿಂತ. ಹೆಬೊ ಸೂರಿನಲ್ಲಿ ನೇತಾಡುವುದಿಲ್ಲ. ಇದು ಹಳದಿ ಕಡಜ! ಕುಟುಕಿದರೆ ಆಸ್ಪತ್ರೆಯೇ ಗತಿ.

ಆದರೂ ಕಣ್ಣು ಕೀಳಲಾಗಲಿಲ್ಲ. ಹಬ್ಬದ ಅಡುಗೆಯ ಹಂಡೆಯಷ್ಟು ದೊಡ್ಡ ಗೂಡು. ಕೆನೆ, ಕಂದು, ಬೂದು ಬಣ್ಣಗಳು ಅಲೆಯ ಮೇಲೆ ಅಲೆಯಾಗಿ ಸುತ್ತಿಕೊಂಡಿದ್ದವು. ಗೂಡಿನ ಪಕ್ಕೆಯಲ್ಲಿ ಒಂದೇ ಬಾಗಿಲು, ಬಾಗಿಲಲ್ಲಿ ಇಬ್ಬರು ಕಾವಲುಗಾರರು. ಮರದ ಸಿಪ್ಪೆ ಅಗಿದು, ಎಂಜಲು ಬೆರೆಸಿ, ಅಳತೆಗೋಲಿಲ್ಲದೆ ಕಟ್ಟಿದ್ದು! ಮೆಚ್ಚಿದ ಮನಸ್ಸೇ ಮರುಕ್ಷಣ ಮನೆಯವರ ಮೇಲೆ ತಿರುಗಿತು.

"ಯಾರ್ರೀ ಮನೇಲಿ! ತಲೆ ಮೇಲೆ ಇಂಥ ಅರಮನೆ ಎದ್ದಿದೆ, ಕಣ್ಣು ಎಲ್ಲಿಟ್ಕೊಂಡಿದ್ದೀರಿ?"

"ಕಿರುಚಬೇಡಿ," ಎಂದಿತು ಬೆನ್ನ ಹಿಂದಿನಿಂದ ಮೆಲುದನಿ. "ಕೈ ಬೀಸಬೇಡಿ. ಬಗ್ಗಿ, ಹಾಗೇ ಹಿಂದಕ್ಕೆ ಬನ್ನಿ."

ಬಗ್ಗಿಕೊಂಡೇ ಹಿಂದೆ ಸರಿದು ತಿರುಗಿದರೆ ಫುಸಾಯೆ! ತೋಳ ತುಂಬ ಮುರಿದ ಮೂಲಂಗಿ.

"ನೀನಿಲ್ಲಿ ಏನು ಮಾಡ್ತಿದ್ದೀಯ?"

"ನಮ್ಮನೆ ಕಣ್ರೀ ಇದು. ಹಿತ್ತಿಲ ಕಡೆ ನಿಮ್ಮ ಕಾಲು ಬಿದ್ದು ಎಷ್ಟು ವರ್ಷ ಆಯ್ತೋ, ಗುರುತು ಹೇಗೆ ಸಿಗುತ್ತೆ?"

"ಗೂಡು... ನಿನಗೆ ಗೊತ್ತಿತ್ತಾ?"

"ಎರಡು ತಿಂಗಳಿಂದ. ಬಟ್ಟೆ ಮುಂದುಗಡೆ ಒಣಗಿಸ್ತಿದ್ದೀನಿ, ಹಿಂಬಾಗಿಲಿಗೆ ಬೀಗ ಹಾಕಿದ್ದೀನಿ. ಗೂಡು ತೆಗೆಯೋರು ನಾಲ್ಕು ಗಂಟೆಗೆ ಬರ್ತಾರೆ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಾನೇ ತೆಗೀತೀನಿ ಅಂತಿದ್ರಿ."

ಎರಡು ತಿಂಗಳು ಸಾವಿರ ಕಡಜಗಳನ್ನೂ ಒಬ್ಬ ಗಂಡನನ್ನೂ ಪರಸ್ಪರ ಪರಿಚಯವಾಗದಂತೆ ಸಂಭಾಳಿಸಿದ ಹೆಂಗಸನ್ನು ತೊಕಿನೊರಿ ಮೊದಲ ಬಾರಿಗೆ ನೋಡುವವನಂತೆ ನೋಡಿದ. ಆಮೇಲೆ, ಒಂದೇ ಬೂಟಿನಲ್ಲಿ ನಿಂತುಕೊಂಡು, ಸಣ್ಣ ದನಿಯಲ್ಲಿ ಕೇಳಿದ:

"ಹಾಗಾದ್ರೆ ಭಾನುವಾರದ ಅನ್ನಕ್ಕೆ?"

"ಕೀಚಿಗೆ ಹೇಳಿದ್ದೀನಿ, ತರ್ತಾನೆ."

"ಯಾವಾಗ ಹೇಳ್ದೆ?"

"ಬೆಳಿಗ್ಗೆ. ನೀವು ಬೂಟು ಹಾಕ್ಕೊಳ್ತಿದ್ರಲ್ಲ, ಆಗ."